ಟೀಪಾಟ್ ಹಾಡಿದ್ದೋ, ಜೋಡಿ ಹಾಡಿದ್ದೋ? 'ಬ್ಯೂಟಿ ಅಂಡ್ ದ ಬೀಸ್ಟ್' ಹಾಡನ್ನು ಆರಿಸಿಕೊಳ್ಳುವವರಿಗೆ

ಹೋದ ತಿಂಗಳು ಅಕ್ಕನ ಮಗಳು ನನಗೆ ಮೂರು ಲಿಂಕ್ ಕಳಿಸಿದಳು. ಮೂರೂ ಒಂದೇ ಹಾಡು. ಡಿಸ್ನಿಯ 1991ರ ಅನಿಮೇಷನ್ ಚಿತ್ರ 'ಬ್ಯೂಟಿ ಅಂಡ್ ದ ಬೀಸ್ಟ್' ಇದೆಯಲ್ಲ, ಅದೇ ಹೆಸರಿನ ಹಾಡು. ಒಂದನ್ನು ಏಂಜೆಲಾ ಲ್ಯಾನ್ಸ್‌ಬರಿ ಹಾಡಿದ್ದಾರೆ. ಇನ್ನೊಂದು ಸೆಲೀನ್ ಡಿಯಾನ್ ಮತ್ತು ಪೀಬೋ ಬ್ರೈಸನ್ ಅವರದು. ಮೂರನೆಯದು ಅರಿಯಾನಾ ಗ್ರಾಂಡೆ ಮತ್ತು ಜಾನ್ ಲೆಜೆಂಡ್ ಅವರದು. ಕೆಳಗೆ ಒಂದೇ ಸಾಲು: "ಆರತಕ್ಷತೆ ದಿನ ನಾವಿಬ್ಬರೂ ಸ್ಟೇಜಿಗೆ ಬರುವಾಗ ಯಾವುದು ಹಾಕಿಸಲಿ?"

ಅವಳಿಗೆ ಫೋನಿನಲ್ಲಿ ಎರಡು ನಿಮಿಷದಲ್ಲಿ ಉತ್ತರ ಕೊಟ್ಟೆ. ಆದರೆ ಅಷ್ಟಕ್ಕೇ ಮನಸ್ಸು ನಿಲ್ಲಲಿಲ್ಲ. ಈ ಹಾಡನ್ನು ಮೂವತ್ತು ವರ್ಷದಿಂದ ಕೇಳುತ್ತಿದ್ದೇನೆ, ಮನೆಯಲ್ಲಿ ಹಾಡುತ್ತೇನೆ, ಮಕ್ಕಳಿಗೆ ಹೇಳಿಕೊಟ್ಟಿದ್ದೇನೆ. ಮಾತು ಅದೇ, ಧಾಟಿ ಅದೇ. ಆದರೂ ಪ್ರತಿ ಆವೃತ್ತಿಯೂ ಬೇರೆಯದೇ ಹೇಳುತ್ತದೆ. ಇದೇ ಪ್ರಶ್ನೆ ಬೇರೆಯವರಿಗೂ ಇರಬಹುದು ಅನ್ನಿಸಿ ವಿವರವಾಗಿ ಬರೆಯುತ್ತಿದ್ದೇನೆ.

ಅವಸರದಲ್ಲಿರುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಒಬ್ಬರೇ ಕೂತು ಕೇಳಲು, ಮಗುವನ್ನು ಮಲಗಿಸಲು, ತರಬೇತಿ ಇಲ್ಲದ ಗಂಟಲಿನಲ್ಲಿ ಹಾಡಲು ಲ್ಯಾನ್ಸ್‌ಬರಿ. ಮದುವೆ ಮನೆಗೆ, ವೇದಿಕೆಗೆ, ಇಬ್ಬರು ಸೇರಿ ಹಾಡಲು ಸೆಲೀನ್ ಮತ್ತು ಬ್ರೈಸನ್. ಹೆಡ್‌ಫೋನ್ ಹಾಕಿಕೊಂಡು ದನಿಯ ಕೆಲಸ ಸವಿಯಬೇಕು ಅಂದರೆ ಅರಿಯಾನಾ ಮತ್ತು ಲೆಜೆಂಡ್. ಮಕ್ಕಳ ನೃತ್ಯಕ್ಕೆ ನಾಲ್ಕನೆಯದೊಂದಿದೆ, ಅದೇ ಕಥೆಯನ್ನು ನಟನಟಿಯರನ್ನಿಟ್ಟು ಮತ್ತೆ ಮಾಡಿದ 2017ರ ಚಿತ್ರದಲ್ಲಿ ಎಮ್ಮಾ ಥಾಂಪ್ಸನ್ ಹಾಡಿದ್ದು.

ಮೊದಲು ಹಾಡನ್ನೇ ನೋಡೋಣ

ಸಂಗೀತ ಅಲನ್ ಮೆಂಕೆನ್ ಅವರದು. ಸಾಹಿತ್ಯ ಹೋವರ್ಡ್ ಆಶ್‌ಮನ್ ಅವರದು. ಈ ಸಾಹಿತ್ಯದಲ್ಲಿ ನನಗೆ ತುಂಬ ವರ್ಷ ಕಾಣಿಸದೇ ಇದ್ದ ಎರಡು ವಿಷಯಗಳಿವೆ.

ಒಂದು, ಇಡೀ ಹಾಡಿನಲ್ಲಿ 'ನಾನು' ಎಂಬ ಪದ ಇಲ್ಲ. ಎರಡು, 'ಪ್ರೀತಿ' ಎಂಬ ಪದವೂ ಇಲ್ಲ. ಬೇಕಿದ್ದರೆ ಸಾಹಿತ್ಯ ತೆಗೆದು ಒಮ್ಮೆ ಓದಿ ನೋಡಿ. ಲೋಕವೆಲ್ಲ ಪ್ರೇಮಗೀತೆ ಅಂದುಕೊಂಡಿರುವ ಈ ಹಾಡಿನಲ್ಲಿ ಯಾರೂ ಯಾರಿಗೂ 'ನಿನ್ನನ್ನು ಪ್ರೀತಿಸುತ್ತೇನೆ' ಅನ್ನುವುದಿಲ್ಲ. ಇಬ್ಬರು ಇದ್ದಾರೆ, ಸ್ನೇಹಿತರು ಅನ್ನುವಷ್ಟೂ ಹತ್ತಿರ ಇರಲಿಲ್ಲ. ಆಮೇಲೆ ಒಬ್ಬರು ಸ್ವಲ್ಪ ಬಾಗಿದರು. ಇಬ್ಬರಿಗೂ ಒಂಚೂರು ಅಂಜಿಕೆ. ಇದು ಸೂರ್ಯ ಮೂಡಣದಲ್ಲಿ ಹುಟ್ಟುವಷ್ಟೇ ಖಚಿತವಾದ, ಅಷ್ಟೇ ಹಳೆಯ ಕಥೆ. ಇಷ್ಟೇ ಹೇಳುವುದು. ನಡುವೆ ಒಂದು ಮಾತು ಬರುತ್ತದೆ: ತಾನು ಬದಲಾಗಬಲ್ಲೆ ಎಂದು ಕಂಡುಕೊಳ್ಳುವುದು, ತನ್ನದು ತಪ್ಪಿತ್ತು ಎಂದು ಅರಿಯುವುದು. ನನ್ನ ಮಟ್ಟಿಗೆ ಹಾಡಿನ ಜೀವ ಇರುವುದು ಇಲ್ಲೇ.

ಅಂದರೆ ಇದು ಪ್ರೇಮಿಗಳ ಮಾತಲ್ಲ. ಪಕ್ಕದಲ್ಲಿ ನಿಂತು ನೋಡುತ್ತಿರುವವರ ಮಾತು. ಚಿತ್ರದಲ್ಲಿ ಹಾಡುವುದು ಮಿಸೆಸ್ ಪಾಟ್ಸ್. ಅರಮನೆಯ ಮನೆವಾರ್ತೆ ನೋಡಿಕೊಳ್ಳುತ್ತಿದ್ದವಳು, ಶಾಪದಿಂದ ಟೀಪಾಟ್ ಆಗಿದ್ದಾಳೆ, ವಯಸ್ಸಾದ ಹೆಂಗಸು. ಕಥೆಯ ನಾಯಕಿ ಬೆಲ್ ಮತ್ತು ಶಾಪದಿಂದ ಮೃಗವಾಗಿರುವ ರಾಜಕುಮಾರ ಬೀಸ್ಟ್ ನರ್ತಿಸುತ್ತಾರೆ, ಅವಳು ನೋಡುತ್ತಾಳೆ, ನೋಡಿದ್ದನ್ನು ಹಾಡುತ್ತಾಳೆ. ಪಾಪ್ ಆವೃತ್ತಿಗಳು ಇದೇ ಮಾತನ್ನು ತೆಗೆದು ಜೋಡಿಯ ಬಾಯಿಗೆ ಕೊಟ್ಟವು. ಆರಿಸುವಾಗ ನೀವು ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ ಇದೇ. ನಿಮಗೆ ಬೇಕಾಗಿರುವುದು ನೋಡುವವರ ದನಿಯೋ, ಜೋಡಿಯ ದನಿಯೋ?

ಇನ್ನೊಂದು ಸಂಗತಿ ಹಾಡುವವರಿಗೆ ಉಪಯೋಗಕ್ಕೆ ಬರುತ್ತದೆ. ಮೊದಲಿಂದ ಕೊನೆವರೆಗೂ ಸಾಹಿತ್ಯ ಐದೈದು ಉಚ್ಚಾರದ ತುಂಡುಗಳಲ್ಲಿ ಸಾಗುತ್ತದೆ. ಒಂದು ತುಂಡಿನಲ್ಲೂ ಆರಿಲ್ಲ, ನಾಲ್ಕಿಲ್ಲ. ಶೀರ್ಷಿಕೆಯನ್ನೇ ಬೆರಳಲ್ಲಿ ಎಣಿಸಿ ನೋಡಿ: ಬ್ಯೂ, ಟಿ, ಅಂಡ್, ದ, ಬೀಸ್ಟ್. ಐದು! ಉಳಿದ ತುಂಡುಗಳೂ ಹಾಗೇ. ಮಗ್ಗಿ ಹೇಳಿದ ಹಾಗೆ ಬೇಸರ ಹುಟ್ಟಿಸಬೇಕಿತ್ತು, ಆದರೆ ಹಾಗಾಗುವುದಿಲ್ಲ. ಮೆಂಕೆನ್ ಅವರ ಸ್ವರ ಪ್ರತಿ ತುಂಡಿನ ಕೊನೆಯಲ್ಲಿ ಒಂದಿಷ್ಟು ಉಸಿರಿಗೆ ಜಾಗ ಬಿಡುತ್ತದೆ. ತೊಟ್ಟಿಲು ತೂಗಿದ ಹಾಗೆ ಹೋಗಿ ಬಂದು, ಹೋಗಿ ಬಂದು ಮಾಡುತ್ತದೆ. ಆ ಜಾಗವನ್ನು ಯಾರು ಏನು ಮಾಡಿದರು ಎನ್ನುವುದರಲ್ಲೇ ಆವೃತ್ತಿಗಳ ಅರ್ಧ ವ್ಯತ್ಯಾಸ ಇದೆ.

ಏಂಜೆಲಾ ಲ್ಯಾನ್ಸ್‌ಬರಿ, 1991

ಇದರ ಬಗ್ಗೆ ಜಾಸ್ತಿ ಬರೆಯುತ್ತೇನೆ. ಯಾಕೆಂದರೆ ಉಳಿದದ್ದನ್ನೆಲ್ಲ ಅಳೆಯಬೇಕಾದ ಅಳತೆಗೋಲು ಇದು.

ಲ್ಯಾನ್ಸ್‌ಬರಿ ಲಂಡನ್ನಿನಲ್ಲಿ 1925ರಲ್ಲಿ ಹುಟ್ಟಿದವರು. ಬ್ರಾಡ್‌ವೇ ರಂಗಭೂಮಿಯ ದೊಡ್ಡ ಹೆಸರು. ಈ ಹಾಡಿನ ಹೊತ್ತಿಗೆ ಅಮೆರಿಕದ ಟಿವಿಯಲ್ಲಿ ಪತ್ತೇದಾರಿ ಧಾರಾವಾಹಿಯೊಂದರಿಂದ ಮನೆಮಾತಾಗಿದ್ದರು. ಈ ಹಾಡು ಕೈಗೆ ಬಂದಾಗ ಅವರಿಗೆ ಹಿಂಜರಿಕೆ ಆಯಿತು. ಮಾದರಿಗೆಂದು ಕಳಿಸಿದ್ದ ಧ್ವನಿಮುದ್ರಣ (ಡೆಮೊ) ಪಾಪ್ ಧಾಟಿಯಲ್ಲಿತ್ತು. ಇದು ನನ್ನ ದನಿಗೆ ಒಗ್ಗುವುದಿಲ್ಲ, ಬೇರೆ ಯಾರಾದರೂ ಹಾಡಲಿ ಅಂದರು. ಮಿಸೆಸ್ ಪಾಟ್ಸ್ ಹೇಗೆ ಹಾಡುತ್ತಾಳೋ ಹಾಗೆ ಹಾಡಿ ಎಂದು ಕೇಳಿಕೊಂಡ ಮೇಲೆ ಒಪ್ಪಿದರು.

ಧ್ವನಿಮುದ್ರಣ ನ್ಯೂಯಾರ್ಕಿನಲ್ಲಿ. ಅಲ್ಲಿಗೆ ಬರುವ ವಿಮಾನಕ್ಕೆ ಬಾಂಬ್ ಬೆದರಿಕೆ ಬಂದು ದಾರಿಯಲ್ಲಿ ಇಳಿಸಬೇಕಾಯಿತು. ತಡವಾಗಿ, ದಣಿದು ಬಂದವರು ನೇರ ಸ್ಟುಡಿಯೋಗೆ ಹೋದರು. ಒಂದೇ ಟೇಕ್. ಅವರೇ ಬೇಡ ಅಂದುಕೊಂಡಿದ್ದ ಆ ಹಾಡು ಒಂದೇ ಸಲಕ್ಕೆ ಮುಗಿಯಿತು. ಚಿತ್ರದಲ್ಲಿ ನಾವು ಕೇಳುವುದು ಅದನ್ನೇ.

ಈ ಚಿತ್ರದ ಹಾಡುಗಳನ್ನು ಮುದ್ರಿಸಿದ ರೀತಿಯೂ ಬೇರೆ. ವಾದ್ಯಮೇಳವನ್ನು ಒಂದು ದಿನ, ದನಿಯನ್ನು ಇನ್ನೊಂದು ದಿನ ಅಂತ ಬೇರೆ ಬೇರೆ ಮಾಡಲಿಲ್ಲ. ಹಾಡುವವರೂ ನುಡಿಸುವವರೂ ಒಟ್ಟಿಗೆ ಕೂತರು. ನಾಟಕದ ಹಾಡುಗಳಿಗೆ ಇರುವ ಬಿಸಿ ಇಲ್ಲೂ ಬರಬೇಕು ಎಂಬ ಆಸೆ ಆಶ್‌ಮನ್‌ಗೆ ಇತ್ತು. ಡ್ಯಾನಿ ಟ್ರೂಬ್ ಅವರ ವಾದ್ಯ ಸಂಯೋಜನೆ ಲ್ಯಾನ್ಸ್‌ಬರಿ ಉಸಿರು ತೆಗೆದುಕೊಂಡಲ್ಲೆಲ್ಲ ತಾನೂ ಉಸಿರು ತೆಗೆದುಕೊಳ್ಳುತ್ತದೆ. ಹಾಡಿನ ಉದ್ದ ಮೂರು ನಿಮಿಷವೂ ಇಲ್ಲ.

ಕೇಳುವಾಗ ಒಂದನ್ನು ಗಮನಿಸಿ. ಅವರು ಸ್ವರವನ್ನು ಎಳೆಯುವುದಿಲ್ಲ. ಐದು ಉಚ್ಚಾರ ಹೇಳಿ ಬಿಟ್ಟುಬಿಡುತ್ತಾರೆ. ಮಾತಾಡುವುದಕ್ಕೂ ಹಾಡುವುದಕ್ಕೂ ನಡುವೆ ಗೆರೆಯೇ ಇಲ್ಲ. ಆ ಅಂಜಿಕೆಯ ಸಾಲು ಬಂದಾಗ ದನಿಯಲ್ಲಿ ಸಣ್ಣ ನಗು ಇದೆ. ತಪ್ಪನ್ನು ಅರಿಯುವ ಸಾಲು ಬಂದಾಗ ಆ ನಗು ಹೋಗುತ್ತದೆ. ಅರವತ್ತೈದು ವರ್ಷದ ಹೆಂಗಸಿನ ದನಿ ಅದು, ಸ್ವಲ್ಪ ನಡುಗುತ್ತದೆ. ಆ ನಡುಕ ಇಲ್ಲದಿದ್ದರೆ 'ಹಳೆಯ ಕಥೆ' ಎಂಬ ಮಾತನ್ನು ನಾವು ನಂಬುತ್ತಿದ್ದೆವಾ?

ಚಿತ್ರದಲ್ಲಿ ಹಾಡು ಮುಗಿಯುತ್ತಿದ್ದ ಹಾಗೇ ಮಿಸೆಸ್ ಪಾಟ್ಸ್ ತನ್ನ ಮಗ ಚಿಪ್ ಕಡೆ ತಿರುಗುತ್ತಾಳೆ. ಅವನು ಪುಟ್ಟ ಟೀ ಕಪ್ಪು. ಹೊತ್ತಾಯಿತು, ಮಲಗು ಹೋಗು ಅನ್ನುತ್ತಾಳೆ. ಆಮೇಲೆ ಅವನನ್ನು 'ಲವ್' ಎಂದು ಕರೆದು ಗುಡ್ ನೈಟ್ ಹೇಳುತ್ತಾಳೆ. ಇಂಗ್ಲಿಷ್ ಅಮ್ಮಂದಿರು ಮಕ್ಕಳನ್ನು ಕರೆಯುವ ಹಾಗೆ, ನಾವು 'ಕಂದ' ಅನ್ನುತ್ತೇವಲ್ಲ, ಹಾಗೆ. ಹಾಡಿನಲ್ಲಿ ಒಮ್ಮೆಯೂ ಬರದ ಆ ಪದ ಹಾಡು ಮುಗಿದ ಮೇಲೆ ಬರುತ್ತದೆ, ಅದೂ ಮಗುವಿಗೆ! ಇದನ್ನು ಮೊದಲ ಸಲ ಗಮನಿಸಿದ ದಿನ ಆ ದೃಶ್ಯವನ್ನು ಮೂರು ಸಲ ಹಾಕಿಕೊಂಡು ನೋಡಿದ್ದೆ.

ಹಾಡು ಬರೆದ ಆಶ್‌ಮನ್ ಚಿತ್ರವನ್ನು ಪೂರ್ತಿ ನೋಡಲಿಲ್ಲ. ಅವರಿಗೆ ಏಡ್ಸ್ ಇತ್ತು. ಆ ಕಾಲದಲ್ಲಿ ಅದನ್ನು ಹೇಳಿಕೊಳ್ಳುವುದೇ ಕಷ್ಟ. ಪ್ರಯಾಣ ಆಗುತ್ತಿರಲಿಲ್ಲ. ಹಾಗಾಗಿ ಚಿತ್ರತಂಡವೇ ಕ್ಯಾಲಿಫೋರ್ನಿಯಾದಿಂದ ನ್ಯೂಯಾರ್ಕ್ ರಾಜ್ಯದ ಫಿಶ್‌ಕಿಲ್ ಊರಿನ ಹೋಟೆಲಿಗೆ ಬಂದು ಕೂತು ಕೆಲಸ ಮಾಡಿತು. ಯಾಕೆ ಅಲ್ಲಿಗೇ ಬರಬೇಕು ಎಂದು ಅವರಲ್ಲಿ ಹೆಚ್ಚಿನವರಿಗೆ ಗೊತ್ತಿರಲಿಲ್ಲ. 1991ರ ಮಾರ್ಚ್ 14ರಂದು ಆಶ್‌ಮನ್ ತೀರಿಕೊಂಡರು. ವಯಸ್ಸು 40. ಚಿತ್ರ ಬಿಡುಗಡೆಯಾಗಿದ್ದು ಅದೇ ವರ್ಷ ನವೆಂಬರಿನಲ್ಲಿ. ಮುಂದಿನ ವರ್ಷ ಈ ಹಾಡಿಗೆ ಆಸ್ಕರ್ ಬಂದಾಗ ಆಶ್‌ಮನ್ ಪರವಾಗಿ ಅವರ ಸಂಗಾತಿ ಬಿಲ್ ಲಾಚ್ ವೇದಿಕೆಗೆ ಬಂದರು. ಇದೆಲ್ಲ ಗೊತ್ತಿದ್ದು ಕೇಳಿದರೆ ಬಾಗುವುದು, ಬದಲಾಗುವುದು ಎಂಬ ಮಾತುಗಳ ತೂಕವೇ ಬೇರೆ ಆಗುತ್ತದೆ.

ಯಾರಿಗೆ ಇದು? ಹಾಡಲು ಕಲಿಯುತ್ತಿರುವವರಿಗೆ ಖಂಡಿತ ಇದೇ. ಶ್ರುತಿ ಕೆಳಗಿದೆ, ಮಾತಾಡುವ ದನಿಯ ಹತ್ತಿರವೇ ಇದೆ. ಗಂಡಸರೂ ಹೆಂಗಸರೂ ಹಾಡಬಹುದು. ಮಗುವನ್ನು ಮಲಗಿಸುವಾಗ ಇದಕ್ಕಿಂತ ಒಳ್ಳೆಯದು ಸಿಗುವುದಿಲ್ಲ. ಆದರೆ ಆರತಕ್ಷತೆಯ ಪ್ರವೇಶಕ್ಕೆ ಬೇಡ. ಹಾಲಿನಲ್ಲಿ ಐನೂರು ಜನ ಮಾತಾಡುತ್ತಿರುತ್ತಾರೆ. ಈ ದನಿ ಆ ಗದ್ದಲದಲ್ಲಿ ಮುಳುಗಿಹೋಗುತ್ತದೆ. ಇದಕ್ಕೆ ಮೌನ ಬೇಕು.

ಸೆಲೀನ್ ಡಿಯಾನ್ ಮತ್ತು ಪೀಬೋ ಬ್ರೈಸನ್, 1991

ಚಿತ್ರದ ಕೊನೆಯಲ್ಲಿ ಹೆಸರುಗಳು ಓಡುವಾಗ ಬರುವ ಹಾಡು ಇದು. ರೇಡಿಯೋದಲ್ಲಿ ಹಾಡು ಬಂದರೆ ಚಿತ್ರಕ್ಕೂ ಜನ ಬರುತ್ತಾರೆ ಎಂಬ ಲೆಕ್ಕ ಡಿಸ್ನಿಯದು. ಟೀಪಾಟ್ ಹಾಡಿದ ಹಾಡನ್ನು ಅಮೆರಿಕದ ರೇಡಿಯೋ ಹಾಕುವುದಿಲ್ಲ, ಅಲ್ವಾ? ಅದಕ್ಕೇ ಪಾಪ್ ಆವೃತ್ತಿ. ಈ ಲೆಕ್ಕ ಎಷ್ಟು ಫಲಿಸಿತು ಅಂದರೆ, ಆ ದಶಕದ ಡಿಸ್ನಿ ಅನಿಮೇಷನ್ ಚಿತ್ರಗಳಲ್ಲಿ ಹೆಚ್ಚಿನವಕ್ಕೆ ಇದೇ ರೂಢಿಯಾಯಿತು. ಚಿತ್ರದೊಳಗೆ ಪಾತ್ರ ಹಾಡುತ್ತದೆ, ಕೊನೆಯಲ್ಲಿ ಪಾಪ್ ತಾರೆ ಹಾಡುತ್ತಾರೆ.

ಸೆಲೀನ್ ಆಗ 23ರ ಹುಡುಗಿ. ಕೆನಡಾದ ಕ್ವಿಬೆಕ್‌ನವರು, ಮನೆಮಾತು ಫ್ರೆಂಚ್. ಮೊದಲ ಇಂಗ್ಲಿಷ್ ಆಲ್ಬಮ್ ಬಂದಿದ್ದು ಹಿಂದಿನ ವರ್ಷ. ಈ ಹಾಡಿಗೆ ಸ್ವಲ್ಪ ಮೊದಲು ಇನ್ನೊಂದು ಅನಿಮೇಷನ್ ಚಿತ್ರದ ಹಾಡು ಅವರ ಕೈಗೆ ಬಂದು ತಪ್ಪಿ, ಲಿಂಡಾ ರಾನ್‌ಸ್ಟಾಡ್ ಪಾಲಾಗಿತ್ತು. ಆ ನೋವಿನಿಂದ ಇದನ್ನು ಒಪ್ಪಿಕೊಳ್ಳಲು ಮೊದಲು ಹಿಂಜರಿದರು. ಒಬ್ಬರ ಹೆಸರಿನ ಮೇಲೆಯೇ ಹಾಡು ಓಡುತ್ತದೋ ಇಲ್ಲವೋ ಎಂದು ಡಿಸ್ನಿಗೂ ಅಳುಕು. ಹಾಗಾಗಿ ಜೊತೆಗೆ ಪೀಬೋ ಬ್ರೈಸನ್ ಬಂದರು. 40ರ ಗಾಯಕ, ಮೃದುವಾದ ದನಿ, ಯುಗಳಗೀತೆಗೆ ಆಗಲೇ ಹೆಸರಾದವರು. ಹಾಡು ಜೋಡಿಹಾಡು ಆಗಿದ್ದು ಹೀಗೆ.

ಹಾಡನ್ನು ನಿರ್ಮಿಸಿದ್ದು ವಾಲ್ಟರ್ ಅಫನಾಸಿಯೆಫ್. ಮುಂದೆ ಸೆಲೀನ್ ಅವರ 'ಟೈಟಾನಿಕ್' ಹಾಡಿನ ನಿರ್ಮಾಣದಲ್ಲೂ ಇದ್ದವರು ಇವರೇ. ಆ ಹಾಡು ಬಲ್ಲವರಿಗೆ ಈ ರೀತಿ ತಕ್ಷಣ ಪರಿಚಿತ ಅನ್ನಿಸುತ್ತದೆ. ಕೀಬೋರ್ಡಿನ ಮೆತ್ತನೆಯ ಹಾಸಿಗೆ, ಮೊದಲು ಸೆಲೀನ್ ಒಬ್ಬರೇ, ಆಮೇಲೆ ಬ್ರೈಸನ್, ಆಮೇಲೆ ಡ್ರಮ್ಸ್. ಹಾಡು ಮೆಟ್ಟಿಲು ಹತ್ತುತ್ತದೆ. ಶ್ರುತಿ ಮೇಲೇರುತ್ತದೆ, ಇಬ್ಬರೂ ದನಿ ಬಿಚ್ಚುತ್ತಾರೆ. ಕೊನೆಯಲ್ಲಿ ಮತ್ತೆ ಇಳಿದು ಮೆತ್ತಗಾಗುತ್ತದೆ. ನಾಲ್ಕು ನಿಮಿಷಕ್ಕೆ ಸ್ವಲ್ಪ ಜಾಸ್ತಿ.

ಐದು ಉಚ್ಚಾರದ ನಂತರದ ಜಾಗ ಇತ್ತಲ್ಲ? ಇಲ್ಲಿ ಅದು ತುಂಬಿಹೋಗಿದೆ. ಒಬ್ಬರು ಸಾಲು ಮುಗಿಸುವ ಹೊತ್ತಿಗೆ ಇನ್ನೊಬ್ಬರ ದನಿ ಒಳಗೆ ಬಂದಿರುತ್ತದೆ. ಲ್ಯಾನ್ಸ್‌ಬರಿಯಲ್ಲಿ ಮೌನ ಇದ್ದ ಕಡೆ ಇಲ್ಲಿ ಸಂಗಾತಿ ಇದ್ದಾರೆ. ಇದನ್ನು ನಾನು ಕೊರತೆ ಅಂತ ಹೇಳುತ್ತಿಲ್ಲ. ಜೋಡಿಹಾಡಿನ ಅರ್ಥವೇ ಅದು. 'ನಾನು' ಇಲ್ಲದ, 'ಪ್ರೀತಿ' ಇಲ್ಲದ ಸಾಹಿತ್ಯವನ್ನು ಇಬ್ಬರು ಎದುರುಬದುರು ನಿಂತು ಹಾಡುವಾಗ, ಹೇಳದೇ ಬಿಟ್ಟ ಮಾತನ್ನೆಲ್ಲ ದನಿಯೇ ಹೇಳಬೇಕಾಗುತ್ತದೆ. ಇಲ್ಲಿ ಅದು ಹೇಳುತ್ತದೆ. ಸೆಲೀನ್ ಅವರ ಇಂಗ್ಲಿಷ್ ಆಗಿನ್ನೂ ಹೊಸದು. ಪ್ರತಿ ಪದವನ್ನೂ ಜೋಪಾನವಾಗಿ ಎತ್ತಿಡುತ್ತಾರೆ. ಅಂಜಿಕೆಯ ಹಾಡಿಗೆ ಆ ಜೋಪಾನ ತುಂಬ ಒಪ್ಪುತ್ತದೆ. ಅವರ ನಂತರದ ಹಾಡುಗಳ ಅಬ್ಬರ ಇಲ್ಲಿ ಇಲ್ಲ.

ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಹಾಡು 9ನೇ ಸ್ಥಾನಕ್ಕೆ ಏರಿತು. ಸೆಲೀನ್‌ಗೆ ಮೊದಲ ಗ್ರ್ಯಾಮಿ ತಂದುಕೊಟ್ಟಿತು. 1992ರ ಮಾರ್ಚ್ 30ರಂದು ಆಸ್ಕರ್ ಸಮಾರಂಭದಲ್ಲಿ ಲ್ಯಾನ್ಸ್‌ಬರಿ, ಸೆಲೀನ್, ಬ್ರೈಸನ್ ಮೂವರೂ ಇದನ್ನು ಹಾಡಿದರು. ಅವತ್ತು ಸೆಲೀನ್ ಅವರ 24ನೇ ಹುಟ್ಟುಹಬ್ಬ. ಎರಡೂ ರೀತಿ ಒಂದೇ ವೇದಿಕೆಯಲ್ಲಿ ಹೇಗೆ ಕೇಳುತ್ತವೆ ಎಂಬ ಕುತೂಹಲ ಇದ್ದರೆ ಆ ವಿಡಿಯೋ ನೋಡಿ. ಬ್ರೈಸನ್ ಮರುವರ್ಷವೂ ಡಿಸ್ನಿಗೆ ಹಾಡಿದರು. 'ಅಲಾದಿನ್' ಚಿತ್ರದ ಹಾಡನ್ನು ರೆಜಿನಾ ಬೆಲ್ ಜೊತೆ ಹಾಡಿ 1993ರಲ್ಲಿ ಬಿಲ್‌ಬೋರ್ಡ್‌ನ ಮೊದಲ ಸ್ಥಾನಕ್ಕೇ ಹೋದರು. ಅವರ ಹೆಸರನ್ನು ಇವತ್ತು ಕಡಿಮೆ ಜನ ಹೇಳುತ್ತಾರೆ, ಅದು ನನಗೆ ಬೇಸರದ ವಿಷಯ. ಈ ಹಾಡಿನ ನೆಲ ಅವರ ದನಿ.

ಆರತಕ್ಷತೆಗೆ ಇದನ್ನೇ ಹೇಳಿದ್ದು. ಕಾರಣ ಸರಳ. ಬಾಗಿಲಿನಿಂದ ವೇದಿಕೆವರೆಗೆ ನಡೆಯಲು ಸಮಯ ಬೇಕು, ಇದರಲ್ಲಿ ಸಮಯ ಇದೆ. ಶುರುವಿನಲ್ಲಿ ಮೆತ್ತಗಿರುವುದರಿಂದ ಜನ ತಿರುಗಿ ನೋಡಲು ಅವಕಾಶ ಆಗುತ್ತದೆ. ಶ್ರುತಿ ಏರುವ ಹೊತ್ತಿಗೆ ನೀವು ವೇದಿಕೆ ಹತ್ತಿರ ಇರಬೇಕು. ಮನೆಯಲ್ಲೇ ಒಮ್ಮೆ ಹಾಡು ಹಾಕಿ ನಡೆದು ನೋಡಿ, ಹೆಜ್ಜೆ ಎಷ್ಟು ನಿಧಾನ ಇರಬೇಕು ಎಂದು ಗೊತ್ತಾಗುತ್ತದೆ.

ಕರೋಕೆಯಲ್ಲಿ ಹಾಡುವವರಿಗೆ ಒಂದೆರಡು ಮಾತು. ಹೆಣ್ಣುದನಿಯ ಭಾಗ ಶುರುವಿನಲ್ಲಿ ಸುಲಭ ಅನ್ನಿಸುತ್ತದೆ. ಅದನ್ನು ನಂಬಿ ಮೇಲಿನ ಶ್ರುತಿಯಲ್ಲೇ ಶುರುಮಾಡಬೇಡಿ. ಶ್ರುತಿ ಏರಿದ ಮೇಲಿನ ಸಾಲುಗಳನ್ನು ಮೊದಲು ಹಾಡಿ ನೋಡಿ. ಗಂಟಲು ಬಿಗಿಯಾದರೆ ಟ್ರ್ಯಾಕನ್ನು ಎರಡು ಮನೆ (ಸ್ವರಸ್ಥಾನ) ಕೆಳಗಿಳಿಸಿ. ಆದರೆ ಕೆಳಗಿಳಿಸಿದರೆ ಗಂಡುದನಿ ಮಂದ್ರದಲ್ಲಿ ಕೇಳಿಸದ ಹಾಗೆ ಆಗಬಹುದು. ಇಬ್ಬರೂ ಕೂತು ನಡುವಿನ ಶ್ರುತಿ ಹುಡುಕಿಕೊಳ್ಳಿ. ಇನ್ನೊಂದು, ಇಬ್ಬರೂ ಒಟ್ಟಿಗೆ ಹಾಡುವ ಕಡೆ ಒಂದೇ ಸ್ವರ ಹಾಡಿದರೂ ಏನೂ ನಷ್ಟ ಇಲ್ಲ. ಮೇಲೆ ಕೆಳಗೆ ಬೇರೆ ಸ್ವರ ಹಿಡಿಯುವುದು ನಮ್ಮ ಸಂಗೀತದ ಅಭ್ಯಾಸದಿಂದ ಬಂದವರಿಗೆ ಸುಲಭ ಅಲ್ಲ. ತಿಂಗಳು ಅಭ್ಯಾಸ ಮಾಡುವುದಾದರೆ ಮಾತ್ರ ಕೈಹಾಕಿ.

ಅರಿಯಾನಾ ಗ್ರಾಂಡೆ ಮತ್ತು ಜಾನ್ ಲೆಜೆಂಡ್, 2017

ಬಿಲ್ ಕಾಂಡನ್ ನಿರ್ದೇಶನದಲ್ಲಿ ಎಮ್ಮಾ ವಾಟ್ಸನ್ ಬೆಲ್ ಆಗಿ ನಟಿಸಿದ ಹೊಸ ಚಿತ್ರಕ್ಕೆ ಮಾಡಿದ ಆವೃತ್ತಿ. ನಿರ್ಮಾಣ ರಾನ್ ಫೇರ್ ಅವರದು. ಆಗ ಅರಿಯಾನಾ ವಯಸ್ಸೂ 23, ಸೆಲೀನ್ ಹಾಡಿದಾಗ ಇದ್ದಷ್ಟೇ. ಹಳೆಯ ಚಿತ್ರ ಬಂದಾಗ ಅರಿಯಾನಾ ಇನ್ನೂ ಹುಟ್ಟಿರಲಿಲ್ಲ.

ಇದನ್ನು ಹಗುರವಾಗಿ ತಳ್ಳಿಹಾಕುವ ಹಳಬರನ್ನು ನೋಡಿದ್ದೇನೆ. ನಾನು ಒಪ್ಪುವುದಿಲ್ಲ. ಅರಿಯಾನಾ ದನಿಯಲ್ಲಿ ಉಸಿರಿನ ಒಂದು ತೆಳುವಾದ ಪದರ ಇದೆ. ಹೆಡ್‌ಫೋನ್ ಹಾಕಿ ಕೇಳಿದರೆ ಕಿವಿಯ ಪಕ್ಕದಲ್ಲೇ ಹಾಡಿದ ಹಾಗೆ ಇರುತ್ತದೆ. ಸಾಲಿನ ಕೊನೆಯ ಸ್ವರವನ್ನು ಅವರು ಹಾಗೇ ಬಿಡುವುದಿಲ್ಲ, ಸಣ್ಣ ಸಂಗತಿ, ಅಂದರೆ ಸ್ವರದ ಅಲಂಕಾರ, ಹಾಕಿ ಇಳಿಸುತ್ತಾರೆ. ನಮ್ಮಲ್ಲಿ ಬಿರ್ಕಾ ಹಾಕಿದ ಹಾಗೆ. ಲೆಜೆಂಡ್ ದನಿಯಲ್ಲಿ ಮಣ್ಣಿನ ಬಣ್ಣ ಇದೆ, ಸ್ವಲ್ಪ ಒರಟು. ಬ್ರೈಸನ್ ಅವರದು ರೇಷ್ಮೆ, ಇವರದು ಖಾದಿ.

ಆದರೆ ಒಂದು ತೊಂದರೆ ಇದೆ. ಕೊನೆಯ ಭಾಗದಲ್ಲಿ ಅಲಂಕಾರ ಜಾಸ್ತಿಯಾಗಿ ಆ ಐದು ಉಚ್ಚಾರದ ಲೆಕ್ಕ ಕಿವಿಗೆ ಸಿಗುವುದಿಲ್ಲ. ಹಾಡು ಅಂಜಿಕೆಯದು, ಹಾಡುವವರು ಅಂಜುತ್ತಿಲ್ಲ. ಇಬ್ಬರಿಗೂ ತಮ್ಮ ಗಂಟಲಿನ ಮೇಲೆ ಪೂರ್ತಿ ಭರವಸೆ. ತಪ್ಪನ್ನು ಅರಿಯುವ ಸಾಲು ಸುಮ್ನೆ ದಾಟಿಹೋಗುತ್ತದೆ. ನನ್ನ ಮಗಳಿಗೆ ಇದೇ ಇಷ್ಟ, ಅವಳು ಈ ಹಾಡನ್ನು ಮೊದಲು ಕೇಳಿದ್ದು ಇದರಲ್ಲೇ. ಮೊದಲು ಕೇಳಿದ್ದು ಮನಸ್ಸಿನಲ್ಲಿ ಹಾಕುವ ಬೇರನ್ನು ಯಾರ ವಾದವೂ ಕೀಳುವುದಿಲ್ಲ. ಮದುವೆಗೆ ಬರುವ ನಿಮ್ಮ ಗೆಳೆಯರೆಲ್ಲ ಅದೇ ವಯಸ್ಸಿನವರಾದರೆ, ಇದನ್ನೇ ಹಾಕಿಸಿ, ಧಾರಾಳವಾಗಿ.

ಹಾಡಲು ಮಾತ್ರ ಇದನ್ನು ಮಾದರಿ ಮಾಡಿಕೊಳ್ಳಬೇಡಿ. ಆ ಸಂಗತಿಗಳನ್ನು ಅನುಕರಿಸಲು ಹೋದರೆ ಮಾತು ಬಿಟ್ಟುಹೋಗುತ್ತದೆ. ಮೊದಲು ಲ್ಯಾನ್ಸ್‌ಬರಿಯಲ್ಲಿ ಕಲಿಯಿರಿ, ಆಮೇಲೆ ನಿಮ್ಮದೇ ಒಂದೆರಡು ಸಂಗತಿ ಸೇರಿಸಿಕೊಳ್ಳಿ.

ಎಮ್ಮಾ ಥಾಂಪ್ಸನ್, ಮತ್ತೆ ಕೆಲವರು

ಅದೇ 2017ರ ಚಿತ್ರದಲ್ಲಿ ಮಿಸೆಸ್ ಪಾಟ್ಸ್ ಆಗಿದ್ದವರು ಎಮ್ಮಾ ಥಾಂಪ್ಸನ್. ಲ್ಯಾನ್ಸ್‌ಬರಿ ಹಾಡಿದ ಹಾಡನ್ನು ಅದೇ ಪಾತ್ರದಲ್ಲಿ ಹಾಡುವುದು ಸಣ್ಣ ಕೆಲಸ ಅಲ್ಲ. ಥಾಂಪ್ಸನ್ ನಯವಾಗಿ, ಮಾತು ಮಾತಾಗಿ ಹಾಡುತ್ತಾರೆ. ದನಿ ಹೆಚ್ಚು ಗಟ್ಟಿ, ನಡುಕ ಕಡಿಮೆ. ವಾದ್ಯಮೇಳ ದೊಡ್ಡದು, ನೃತ್ಯಕ್ಕೆ ಜಾಗ ಕೊಟ್ಟಿದೆ. ಶಾಲಾ ವಾರ್ಷಿಕೋತ್ಸವಕ್ಕೆ ಮಕ್ಕಳನ್ನು ಕುಣಿಸುವವರು ಇದನ್ನು ನೋಡಿ. ಒಂದು ಎಚ್ಚರಿಕೆ: ದೃಶ್ಯ ನೋಡಿ ವಾಲ್ಟ್ಜ್ ಅಂದುಕೊಂಡು ಮೂರರ ಎಣಿಕೆಯಲ್ಲಿ ಹೆಜ್ಜೆ ಕಲಿಸಬೇಡಿ. ಹಾಡು ನಡೆಯುವುದು ನಾಲ್ಕರ ಎಣಿಕೆಯಲ್ಲಿ.

ಡಿವಿಡಿ ಮತ್ತು ಬ್ಲೂರೇ ಮರುಬಿಡುಗಡೆಗಳ ಜೊತೆ ಬಂದ ಎರಡು ಪಾಪ್ ಆವೃತ್ತಿಗಳಿವೆ. 2002ರಲ್ಲಿ ಜಂಪ್ ಫೈವ್ ಎಂಬ ಹದಿಹರೆಯದವರ ತಂಡದ್ದು, 2010ರಲ್ಲಿ ಜೋರ್ಡಿನ್ ಸ್ಪಾರ್ಕ್ಸ್ ಅವರದು. ಜಂಪ್ ಫೈವ್ ಅವರದಕ್ಕೆ ಕುಣಿತದ ಬೀಟ್ ಇದೆ, ಹಾಡಿನ ಮನಸ್ಸು ಅದರಲ್ಲಿ ಉಳಿದಿಲ್ಲ. ಸ್ಪಾರ್ಕ್ಸ್ ಒಳ್ಳೆಯ ಗಾಯಕಿ. ಆದರೂ ಈ ಹಾಡಿಗೆ ಅವರು ಹೊಸದೇನನ್ನೂ ಸೇರಿಸಿದ ಹಾಗೆ ನನಗೆ ಅನ್ನಿಸಲಿಲ್ಲ. ಎರಡನ್ನೂ ಬಿಟ್ಟರೆ ಏನೂ ಕಳೆದುಕೊಳ್ಳುವುದಿಲ್ಲ.

2022ರ ಡಿಸೆಂಬರಿನಲ್ಲಿ ಚಿತ್ರದ 30 ವರ್ಷದ ನೆನಪಿಗೆ ಅಮೆರಿಕದ ಎಬಿಸಿ ವಾಹಿನಿ ಕಾರ್ಯಕ್ರಮ ಮಾಡಿತು. ಅದರಲ್ಲಿ ಮಿಸೆಸ್ ಪಾಟ್ಸ್ ಆಗಿದ್ದು ಶನಾಯಾ ಟ್ವೈನ್. ಲ್ಯಾನ್ಸ್‌ಬರಿ ತೀರಿಕೊಂಡು ಆಗ ಎರಡೇ ತಿಂಗಳಾಗಿತ್ತು. ಅವರಿಗೆ 96 ವರ್ಷ.

ಲ್ಯಾನ್ಸ್‌ಬರಿಯವರದೇ ಇನ್ನೊಂದು ಇದೆ, ದಯವಿಟ್ಟು ಹುಡುಕಿ ನೋಡಿ. 2016ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಲಿಂಕನ್ ಸೆಂಟರ್‌ನಲ್ಲಿ ಚಿತ್ರದ 25ನೇ ವರ್ಷದ ಪ್ರದರ್ಶನ ಇತ್ತು. ಪಿಯಾನೋದಲ್ಲಿ ಅಲನ್ ಮೆಂಕೆನ್, ಮೈಕ್ ಮುಂದೆ 90 ವರ್ಷದ ಲ್ಯಾನ್ಸ್‌ಬರಿ. ವಾದ್ಯಮೇಳ ಇಲ್ಲ, ಏನೂ ಇಲ್ಲ. ದನಿ ಅಲ್ಲಲ್ಲಿ ಒಡೆಯುತ್ತದೆ. ಎಲ್ಲ ಆವೃತ್ತಿಗಳಲ್ಲಿ ನನ್ನ ಕಣ್ಣು ತೇವವಾಗುವುದು ಇದಕ್ಕೇ.

ಹುಡುಕುವಾಗ

ಎಲ್ಲದಕ್ಕೂ ಒಂದೇ ಹೆಸರು ಇರುವುದರಿಂದ ಆ್ಯಪ್‌ಗಳಲ್ಲಿ ಗೊಂದಲ ಆಗುತ್ತದೆ. 1991ರ ಚಿತ್ರದ ಆಲ್ಬಮ್ ತೆರೆದರೆ ಲ್ಯಾನ್ಸ್‌ಬರಿಯದ್ದೂ ಜೋಡಿಹಾಡೂ ಎರಡೂ ಅದರಲ್ಲೇ ಇವೆ. 2017ರ ಆಲ್ಬಮ್ಮಿನಲ್ಲಿ ಥಾಂಪ್ಸನ್ ಅವರದೂ ಅರಿಯಾನಾ ಅವರದೂ ಇವೆ. ಅದೇ ಆಲ್ಬಮ್ಮಿನಲ್ಲಿ ಸೆಲೀನ್ ಡಿಯಾನ್ ಹೆಸರು ಕಂಡು ಹಳೆಯ ಹಾಡು ಅಂದುಕೊಳ್ಳಬೇಡಿ. ಅದು ಹೊಸ ಚಿತ್ರಕ್ಕೆ ಅವರು ಹಾಡಿದ ಬೇರೆಯೇ ಹಾಡು. ಡಿಜೆಗೆ ಬರೀ ಹಾಡಿನ ಹೆಸರು ಕೊಟ್ಟರೆ ಯಾವುದು ಬರುತ್ತದೋ ಹೇಳಲಾಗದು. ಗಾಯಕರ ಹೆಸರು, ವರ್ಷ ಎರಡನ್ನೂ ಬರೆದುಕೊಡಿ. ಆಗುವುದಾದರೆ ಫೈಲನ್ನೇ ಕೊಡಿ.

ಅಕ್ಕನ ಮಗಳು ಪ್ರವೇಶಕ್ಕೆ ಸೆಲೀನ್ ಮತ್ತು ಬ್ರೈಸನ್ ಎಂದು ನಿರ್ಧರಿಸಿದ್ದಾಳೆ. ಹುಡುಗನಿಗೂ ಒಪ್ಪಿಗೆಯಾಗಿದೆ. ಲ್ಯಾನ್ಸ್‌ಬರಿಯನ್ನು ಬಿಡಲು ನನಗೆ ಮನಸ್ಸಾಗಲಿಲ್ಲ. ಕೊನೆಯ ಪಂಕ್ತಿ ಊಟ ಮುಗಿದು, ನೆಂಟರೆಲ್ಲ ತಾಂಬೂಲ ತಗೊಂಡು ಹೊರಟ ಮೇಲೆ, ಹುಡುಗರು ಕುರ್ಚಿ ಎತ್ತಿಡುವ ಹೊತ್ತಿಗೆ ಅದನ್ನು ಒಮ್ಮೆ ಹಾಕಿಸು ಅಂದೆ. ಆ ಹೊತ್ತಿಗೆ ಅವರಿಬ್ಬರೂ ವೇದಿಕೆ ಇಳಿದು ಬಂದಿರುತ್ತಾರೆ. ಅಕ್ಕ ಅಲ್ಲೇ ಮುಂದಿನ ಸಾಲಿನಲ್ಲಿ ಕೂತಿರುತ್ತಾಳೆ, ಮಗಳನ್ನು ನೋಡುತ್ತಾ.